ಉತ್ತರದ ಕಡಲಲ್ಲಿ ಕುಟುಂಬದ ಕೂಟ: ಹಡಗು ಹತ್ತುವುದೆ, ಬೇಡವೆ?

ನಮ್ಮ ವಾಚಕರಲ್ಲಿ ಅನೇಕರ ಮನೆಗಳಿಗೆ ಈಚಿನ ವರ್ಷಗಳಲ್ಲಿ ಒಂದು ಬಗೆಯ ಪತ್ರ ಬರುತ್ತಿದೆ. ತಂದೆ ಮಾಟುಂಗದ ಹೋಟೆಲಿನಲ್ಲಿ ಮಾಣಿಯಾಗಿಯೋ ಕೋಟೆಯ ಕಛೇರಿಯಲ್ಲಿ ಗುಮಾಸ್ತನಾಗಿಯೋ ದುಡಿದು ಓದಿಸಿದ ಮಗನು ಇಂದು ಸಮುದ್ರದಾಚೆ ಇದ್ದಾನೆ. ಅವನು ಬರೆಯುತ್ತಾನೆ: "ಎಲ್ಲರೂ ಒಂದು ಕಡೆ ಸೇರಿ ವರ್ಷಗಳಾದುವು. ಈ ಬಾರಿ ಊರಿಗೆ ಬರುವುದರ ಬದಲು ನೀವೆಲ್ಲ ಇಲ್ಲಿಗೇ ಬನ್ನಿರಿ. ಒಂದು ಹಡಗಿನಲ್ಲಿ ಏಳು ದಿನ ಅಲಾಸ್ಕಾ ತೀರವನ್ನು ನೋಡಿಕೊಂಡು ಬರೋಣ."

ಅಂಥ ಪತ್ರ ನಮಗೂ ಬಂದಿತು. ಬರೆದವನು ಸಿಯಾಟಲ್ ನಗರದಲ್ಲಿರುವ ನಮ್ಮ ಕಿರಿಯ ತಮ್ಮ. ಎಪ್ಪತ್ತನಾಲ್ಕು ವರ್ಷದ ಮಾತೃಶ್ರೀಯವರು, ಹೋಟೆಲನ್ನು ನಡೆಸುತ್ತಿರುವ ಅಣ್ಣನ ಸಂಸಾರ, ನಮ್ಮದು, ಬೆಂಗಳೂರಿನ ತಂಗಿಯದು, ಅವನದು, ಕೂಡಿ ಹದಿನಾರು ಜನ. ಪತ್ರವನ್ನು ಓದಿದೊಡನೆ ನಮಗೆ ನಗು ಬಂದಿತೆಂಬುದನ್ನು ಮುಚ್ಚಿಡಲಾರೆವು. ಆದರೆ ವಿಷಯವನ್ನು ವಿಚಾರಿಸುತ್ತ ಹೋದಂತೆ ನಗತಕ್ಕದ್ದೇನೂ ಅದರಲ್ಲಿ ಕಾಣಲಿಲ್ಲ. ವಿಚಾರಿಸಿ ತಿಳಿದುದನ್ನು, ಇದೇ ತೊಡಕಿನಲ್ಲಿರುವ ಇತರರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತೇವೆ.

ಮೊದಲು ಆ ತೀರದ ಮಾತು. ಅಲಾಸ್ಕಾವನ್ನು ಅಮೆರಿಕವು 1867ರಲ್ಲಿ ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡುಕೊಂಡಿತು. 1959ರಲ್ಲಿ ಅದು ಪೂರ್ಣ ರಾಜ್ಯವಾಯಿತು. ಅದರ ಆಗ್ನೇಯ ಭಾಗವು ಕೆನಡಾದ ಪಶ್ಚಿಮ ತೀರಕ್ಕೆ ಅಂಟಿಕೊಂಡು ಬಾಲದಂತೆ ಇಳಿದಿದೆ. ಅಲ್ಲಿ ನೂರಾರು ದ್ವೀಪಗಳು ತೆರೆದ ಸಾಗರಕ್ಕೂ ನೆಲಕ್ಕೂ ನಡುವೆ ಅಡ್ಡಗೋಡೆಯಂತೆ ನಿಂತಿವೆ. ಆ ಗೋಡೆಯ ಒಳಮಗ್ಗುಲಿನ ನೀರುದಾರಿಗೆ ಇನ್‌ಸೈಡ್ ಪ್ಯಾಸೇಜ್ ಎಂದು ಹೆಸರು. ರಾಜಧಾನಿಯಾದ ಜೂನೋ ಪಟ್ಟಣಕ್ಕೆ ಹೊರಗಿನಿಂದ ಬರುವ ರಸ್ತೆಯೇ ಇಲ್ಲ. ಹಡಗಿನಲ್ಲಿ ಬರಬೇಕು, ಇಲ್ಲವೆ ವಿಮಾನದಲ್ಲಿ. ಕೆಚಿಕನ್ ಎಂಬ ಊರಿನಲ್ಲಿ ವರ್ಷಕ್ಕೆ ಸುಮಾರು 150 ಅಂಗುಲ ಮಳೆ. ತುಳುನಾಡಿನ ಆಷಾಢವನ್ನು ಕಂಡವರಿಗೆ ಅದು ಹೊಸತಲ್ಲ, ಆದರೆ ಅಲ್ಲಿಯ ಮಳೆ ಚಳಿಯನ್ನು ಕೂಡಿಕೊಂಡು ಸುರಿಯತಕ್ಕದ್ದು. ಸ್ಕ್ಯಾಗ್ವೇ ಎಂಬುದು 1897–98ರ ಚಿನ್ನದ ಹುಚ್ಚಿನಿಂದ ಹುಟ್ಟಿದ ಊರು. ಅಲ್ಲಿಂದ ಬೆಟ್ಟವನ್ನೇರುವ ಮೂರಡಿ ಅಗಲದ ಹಳಿಯ ರೈಲು 1900ರಲ್ಲಿ ಪೂರ್ತಿಯಾಯಿತು. ಇಂದು ಅದು ಪ್ರವಾಸಿಗಳನ್ನು ಹೊರುತ್ತದೆ.

ಎಲ್ಲಕ್ಕೂ ಮಿಗಿಲಾದುದು ಗ್ಲೇಷಿಯರ್ ಬೇ ಎಂಬ ಕೊಲ್ಲಿ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ನಾವಿಕರು ಆ ಕಡೆಗೆ ಬಂದಾಗ ಕೊಲ್ಲಿಯೆಂಬುದೇ ಇರಲಿಲ್ಲವೆನ್ನಬಹುದು; ಬಾಯಿಯವರೆಗೂ ಹಿಮದ ಗೋಡೆ ನಿಂತಿದ್ದಿತು. 1916ರ ಹೊತ್ತಿಗೆ ಆ ಹಿಮವು 60 ಮೈಲಿಗೂ ಹೆಚ್ಚು ದೂರ ಹಿಂದೆ ಸರಿದು ಸಮುದ್ರಕ್ಕೆ ಎಡೆಮಾಡಿಕೊಟ್ಟಿತು. ದಿನಕ್ಕೆ ಎರಡು ದೊಡ್ಡ ಪ್ರವಾಸಿ ಹಡಗುಗಳಿಗೆ ಮಾತ್ರ ಒಳಗೆ ಅಪ್ಪಣೆ. ಆದುದರಿಂದ ಎಲ್ಲ ಹಡಗುಗಳೂ ಅಲ್ಲಿಗೆ ಹೋಗುತ್ತವೆಂದು ನಂಬಿ ಹಣ ಕಟ್ಟಬಾರದು. ಟಿಕೀಟು ಕೊಳ್ಳುವ ಮುನ್ನ ಆ ಹೆಸರು ಪ್ರಯಾಣಪಟ್ಟಿಯಲ್ಲಿದೆಯೆ ಎಂದು ಕಣ್ಣಾರೆ ನೋಡಿಕೊಳ್ಳತಕ್ಕದ್ದು.

ಇನ್ನು ಕಾಗದಪತ್ರದ ಪ್ರಕರಣ. ನಾವು ಎಡವಿದ್ದು ಇಲ್ಲಿಯೇ. ನಗರದ ಒಬ್ಬ ಏಜೆಂಟರು, "ಹಡಗು ಸಿಯಾಟಲಿನಲ್ಲಿ ಹೊರಟು ಸಿಯಾಟಲಿಗೇ ಮರಳುತ್ತದೆ, ನೋಡುವುದು ಅಮೆರಿಕದ ಅಲಾಸ್ಕಾವನ್ನು, ಅಮೆರಿಕದ ವೀಸಾ ಒಂದಿದ್ದರೆ ಸಾಕು" ಎಂದು ಭರವಸೆಯಿತ್ತರು. ಮುಂಗಡವನ್ನೂ ಪಡೆದರು. ಇದು ತಪ್ಪೆಂದು ನಮಗೆ ತಿಳಿದುದು ತಿಂಗಳಾದ ಮೇಲೆ. ಅಮೆರಿಕದಲ್ಲಿ 1886ರ ಒಂದು ಶಾಸನವಿದೆ. ಅದರಂತೆ, ವಿದೇಶೀ ಧ್ವಜದ ಹಡಗು ಅಮೆರಿಕದ ಬಂದರಗಳ ನಡುವೆಯಷ್ಟೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ನಡುವೆ ಪರದೇಶದ ಒಂದು ಬಂದರವನ್ನು ಮುಟ್ಟಲೇಬೇಕು. ಈ ದೊಡ್ಡ ಹಡಗುಗಳೆಲ್ಲ ಹೆಚ್ಚುಕಡಮೆ ವಿದೇಶೀ ಧ್ವಜದವೇ. ಆದುದರಿಂದ ಅವು ಕೆನಡಾದ ವಿಕ್ಟೋರಿಯಾದಂಥ ಬಂದರದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. 2021ರಲ್ಲಿ ಮಹಾಮಾರಿಯಿಂದ ಕೆನಡಾ ಬಂದರಗಳು ಮುಚ್ಚಿದ್ದಾಗ ಈ ನಿಯಮಕ್ಕೆ ತಾತ್ಕಾಲಿಕ ವಿನಾಯಿತಿ ಕೊಡುವುದಕ್ಕೆ ಬೇರೊಂದು ಶಾಸನವನ್ನೇ ಮಾಡಬೇಕಾಯಿತು. ಒಟ್ಟಿನಲ್ಲಿ ಭಾರತದ ಪಾಸ್‌ಪೋರ್ಟಿನವರಿಗೆ ಅಮೆರಿಕದ ವೀಸಾ ಮಾತ್ರವಲ್ಲದೆ ಕೆನಡಾದ ವೀಸಾ ಸಹ ಬೇಕು. ಎರಡೂ ಹಲವು ಬಾರಿ ಪ್ರವೇಶಿಸಬಹುದಾದಂಥವು ಆಗಿರುವುದು ಲೇಸು. ಮುಂಗಡದ ಹಣ ಅರ್ಧ ಮರಳಿತು. ಉಳಿದರ್ಧವನ್ನು ವಿದ್ಯೆಯ ಶುಲ್ಕವೆಂದು ಬರೆದುಕೊಂಡಿದ್ದೇವೆ.

ಒಂದೇ ಕುಟುಂಬದ ಮೂರು ತಲೆಮಾರಿನವರಿಗೆ ಮೂರು ಬಗೆಯ ಕಾಗದಗಳು! ಅಲ್ಲಿ ಹುಟ್ಟಿದ ತಮ್ಮನ ಮಕ್ಕಳಿಗೆ ತೊಂದರೆಯೇ ಇಲ್ಲ. ಕೆಲಸದ ವೀಸಾದಲ್ಲಿರುವ ತಮ್ಮನು ತನ್ನ ಮುದ್ರೆಯ ಅವಧಿಯನ್ನು ನೋಡಿಕೊಳ್ಳಬೇಕು. ಅವರೆಲ್ಲರಿಗೆ ಮೂಲವಾದ ಮಾತೃಶ್ರೀಯವರು ಎರಡು ದೇಶಗಳಿಗೆ ಬೆರಳಚ್ಚು ಕೊಟ್ಟು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಅಮೆರಿಕದ ಸಂದರ್ಶನಕ್ಕೆ ದಿನ ದೊರೆಯುವುದು ಬಹು ತಡವಾಗಬಹುದು. ಆದುದರಿಂದ ಮೊದಲು ವೀಸಾ, ತರುವಾಯ ಟಿಕೀಟು. ಈ ಕ್ರಮವನ್ನು ತಲೆಕೆಳಗು ಮಾಡಬಾರದು.

ಕೆನಡಾ ವೀಸಾ ಹೇಗೂ ಬೇಕೆಂದಾದ ಮೇಲೆ ಇನ್ನೊಂದು ಅನುಕೂಲ ಕಂಡಿತು. ಸಿಯಾಟಲಿನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಸಾಗರದಲ್ಲಿ ಒಂದು ಹಗಲೂ ರಾತ್ರಿಯೂ ಸಾಗುತ್ತವೆ. ಅಲ್ಲಿ ತೆರೆಗಳ ಹೊಯ್ದಾಟವುಂಟು. ಕೆನಡಾದ ವ್ಯಾಂಕೂವರ್ ನಗರದಿಂದ ಹೊರಡುವವು ದ್ವೀಪದ ಪೂರ್ವಕ್ಕೆ, ಮರೆಯ ನೀರಿನಲ್ಲಿ ಹೋಗುತ್ತವೆ. ಕೆಲವು ಗಂಟೆಗಳ ತೆರಪು ಬಿಟ್ಟರೆ ಉಳಿದ ದಾರಿಯೆಲ್ಲ ಹೆಚ್ಚು ಶಾಂತವಾದುದು. ಸಿಯಾಟಲಿನಿಂದ ವ್ಯಾಂಕೂವರಿಗೆ ಕಾರಿನಲ್ಲಿ ಸುಮಾರು 140 ಮೈಲಿ. ವಯಸ್ಸಾದವರಿರುವ ಕುಟುಂಬ ಇದನ್ನೇ ಆರಿಸಿಕೊಳ್ಳಲೆಂಬುದು ನಮ್ಮ ಅಭಿಪ್ರಾಯ.

ಮಾತೃಶ್ರೀಯವರಿಗೆ ಹಡಗೆಂದರೆ ಭಯ. ಅದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಅಜ್ಜನವರು ಮಂಗಳೂರಿನಿಂದ ಮುಂಬಯಿಗೆ ಬಂದುದು ಆಗಬೋಟಿನ ಡೆಕ್ಕಿನ ಮೇಲೆ ಮಲಗಿಕೊಂಡು. 1947ರ ಜುಲೈ 17ರಂದು ರಾಮದಾಸ್ ಎಂಬ ಬೋಟು ಭಾವುಚಾ ಧಕ್ಕೆಯಿಂದ ರೇವಸ್ ಕಡೆಗೆ ಹೊರಟು ಮುಳುಗಿ, 600ಕ್ಕೂ ಹೆಚ್ಚು ಜನರು ಸತ್ತಾಗ ಅವರು ಈ ನಗರದಲ್ಲಿದ್ದರು. ಆ ಕಥೆಯನ್ನು ಸೊಸೆಗೆ ಎಷ್ಟು ಸಲ ಹೇಳಿದ್ದರೋ! ಅಲಾಸ್ಕಾದ ಕಡಲೂ ನಿರಪರಾಧಿಯಲ್ಲ. 1918ರ ಅಕ್ಟೋಬರದಲ್ಲಿ ಪ್ರಿನ್ಸೆಸ್ ಸೋಫಿಯಾ ಎಂಬ ಹಡಗು ಜೂನೋ ಬಳಿ ಬಂಡೆಗೆ ಹತ್ತಿ ನಿಂತು, ಬಿರುಗಾಳಿಯಲ್ಲಿ ಮುಳುಗಿ, ಇದ್ದವರೆಲ್ಲರೂ ಮಡಿದರು. ಇಂದಿನ ಸ್ಥಿತಿ ಬೇರೆ. ಟೈಟಾನಿಕ್ ದುರಂತದ ತರುವಾಯ 1914ರಲ್ಲಿ ಮೊದಲಾದ ಅಂತರರಾಷ್ಟ್ರೀಯ ಒಪ್ಪಂದವು ಬೆಳೆಯುತ್ತ ಬಂದು, ಎಲ್ಲರಿಗೂ ಜೀವರಕ್ಷಕ ದೋಣಿಯ ಏರ್ಪಾಡನ್ನೂ ಹೊರಡುವ ಹೊತ್ತಿಗೇ ಅದರ ಕವಾಯಿತನ್ನೂ ಕಡ್ಡಾಯ ಮಾಡಿದೆ. ಪ್ರವಾಸದ ಕಾಲವೂ ಬೇಸಗೆ. ಇಷ್ಟನ್ನೂ ವಿವರಿಸಿದ ಮೇಲೆ ಮಾತೃಶ್ರೀಯವರು, "ಆ ರಾಮದಾಸಿಗೂ ಯಾರೋ ಸರ್ಟಿಫಿಕೇಟು ಕೊಟ್ಟಿರಬೇಕಲ್ಲ" ಎಂದರು. ನಾವು ಮುಂದೆ ಮಾತನಾಡಲಿಲ್ಲ.

ಮಿಕ್ಕ ವಿಷಯಗಳಲ್ಲಿ ಹೋಟೆಲಿನವನ ಕಣ್ಣಿಗೆ ಬಿದ್ದುದನ್ನು ಹೇಳುತ್ತೇವೆ. ಇದು ಎರಡು ಮೂರು ಸಾವಿರ ಜನರಿಗೆ ದಿನವಿಡೀ ಉಣಬಡಿಸುವ, ತೇಲುವ ಉಪಾಹಾರಗೃಹವೆಂದೇ ತಿಳಿಯಬೇಕು. ಶಾಕಾಹಾರ ದೊರೆಯುತ್ತದೆ, ಭಾರತದ ಅಡಿಗೆಯ ಪದಾರ್ಥಗಳೂ ದೊಡ್ಡ ಹಡಗುಗಳಲ್ಲಿ ಸಾಮಾನ್ಯ. ಆದರೆ ಈರುಳ್ಳಿ ಬೆಳ್ಳುಳ್ಳಿ ಬೇಡವೆನ್ನುವವರು ಟಿಕೀಟು ಕೊಳ್ಳುವಾಗಲೇ ಬರೆದು ತಿಳಿಸಿ, ಹತ್ತಿದ ದಿನವೇ ಊಟದ ಮನೆಯ ಮುಖ್ಯಸ್ಥನನ್ನು ಕಂಡು ಮತ್ತೊಮ್ಮೆ ಹೇಳತಕ್ಕದ್ದು. ಅಮೆರಿಕದ ಬಂದರಗಳಿಗೆ ಬರುವ ಹಡಗುಗಳ ಅಡಿಗೆಮನೆಯನ್ನು ಪರೀಕ್ಷಿಸಿ ನೂರಕ್ಕೆ ಇಷ್ಟೆಂದು ಅಂಕ ಕೊಡುವ ಕ್ರಮವೊಂದು 1970ರ ದಶಕದಿಂದ ಬಂದಿದೆ. 85 ಅಥವಾ ಅದಕ್ಕಿಂತ ಕಡಮೆ ಬಂದರೆ ಅನುತ್ತೀರ್ಣ. ಅಂಕಗಳನ್ನು ಯಾರು ಬೇಕಾದರೂ ನೋಡಬಹುದು. ನಾವು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಕಾಲದಲ್ಲಿ ಅಂಥ ಅಂಕಪಟ್ಟಿಯನ್ನು ಬಾಗಿಲಿಗೆ ತೂಗಹಾಕಬೇಕಾಗಿದ್ದರೆ ಏನಾಗುತ್ತಿತ್ತೋ, ಆ ಮಾತು ಈಗ ಬೇಡ.

ಆ ಹಡಗುಗಳಲ್ಲಿ ತಟ್ಟೆ ಎತ್ತುವವರಲ್ಲಿ, ಹಾಸಿಗೆ ಹಾಸುವವರಲ್ಲಿ, ಒಲೆಯ ಮುಂದೆ ನಿಲ್ಲುವವರಲ್ಲಿ ಗೋವೆಯ, ಮುಂಬಯಿಯ, ಮಂಗಳೂರು ಕಡೆಯ ಹುಡುಗರು ಬಹಳ ಮಂದಿ ಇದ್ದಾರೆ. ಆರು ತಿಂಗಳು, ಒಂಬತ್ತು ತಿಂಗಳು ಎಂದು ಕರಾರು. ಅಷ್ಟು ಕಾಲವೂ ಮನೆಯ ಮುಖ ಕಾಣುವಂತಿಲ್ಲ. 2006ರ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದವು ಇವರಿಗೆ ದಿನಕ್ಕೆ 10 ಗಂಟೆಯ, ವಾರಕ್ಕೆ 77 ಗಂಟೆಯ ವಿಶ್ರಾಂತಿಯನ್ನು ಕನಿಷ್ಠವೆಂದು ವಿಧಿಸಿದೆ. ನಮ್ಮ ವಾಚಕರು ಲೆಕ್ಕದಲ್ಲಿ ಜಾಣರು. 24ರಲ್ಲಿ 10 ಕಳೆದರೆ ಉಳಿಯುವುದೆಷ್ಟೆಂದು ಹೇಳಿಕೊಡಬೇಕಾಗಿಲ್ಲ. ಇವರ ಸಲುವಾಗಿ ಅನೇಕ ಕಂಪನಿಗಳು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಭಕ್ಷೀಸನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುತ್ತವೆ. ಬೇಡವೆಂದು ತೆಗೆಸುವವರೂ ಇದ್ದಾರೆಂದು ಕೇಳಿದ್ದೇವೆ. ಮಾಣಿಯ ಮನೆಯಿಂದ ಬಂದವರು ಆ ಕೆಲಸ ಮಾಡಲಾರರು.

ಜಾಹೀರಾತಿನ ಬೆಲೆಯೇ ಪೂರ್ತಿ ಬೆಲೆಯಲ್ಲ. ಭಕ್ಷೀಸು, ಬಂದರದ ತೆರಿಗೆ, ದಡದ ಮೇಲಿನ ಸುತ್ತಾಟ, ವಿಮಾನ, ವೈದ್ಯಕೀಯ ವಿಮೆ ಎಲ್ಲವೂ ಬೇರೆ. ವಿಮೆಯಲ್ಲಿ ಜಿಪುಣತನ ಕೂಡದು. ಆ ತೀರದಿಂದ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾದರೆ ಒಂದು ಜೀವಮಾನದ ಉಳಿತಾಯ ಹೋದೀತು. ಎಂಟು ಕೋಣೆಗಳನ್ನು ಕೂಡಿ ಹಿಡಿದರೆ ಹಲವು ಕಂಪನಿಗಳು ಗುಂಪೆಂದು ಎಣಿಸಿ ರಿಯಾಯಿತಿ ಕೊಡುತ್ತವೆ.

ನಾರ್ವೆ ದೇಶದ ತೀರಯಾನವನ್ನು ಹೊಗಳುವವರೂ ಇದ್ದಾರೆ. ರಿಚರ್ಡ್ ವಿಥ್ ಎಂಬ ಕಪ್ತಾನನು 1893ರಲ್ಲಿ ಆರಂಭಿಸಿದ ಟಪ್ಪಾಲು ಹಡಗಿನ ಮಾರ್ಗವದು. ಬರ್ಗೆನ್‌ನಿಂದ ರಷ್ಯಾದ ಗಡಿಯ ಬಳಿಯ ಕಿರ್ಕೆನೆಸ್‌ವರೆಗೆ 34 ಬಂದರಗಳು. ಹೋಗಿಬರಲು 12 ದಿನ. ಅಲ್ಲಿಗೆ ವೀಸಾ ಒಂದೇ ಸಾಕೆಂಬುದು ನಿಜ. ಆದರೆ ಅದು ಸರಕನ್ನೂ ಊರಿನ ಜನರನ್ನೂ ಹೊರುವ ದುಡಿಮೆಯ ಹಡಗು. ನಡುರಾತ್ರಿಯಲ್ಲೂ ಬಂದರ ಹಿಡಿಯುತ್ತದೆ, ಮಕ್ಕಳಿಗೆ ಆಟಪಾಟ ಕಡಮೆ. ವೃದ್ಧ ದಂಪತಿಗಳಿಬ್ಬರೇ ಹೋಗುವುದಾದರೆ ಅದಕ್ಕಿಂತ ಉತ್ತಮವಾದುದಿಲ್ಲ. ಹದಿನಾರು ಜನರ ಗದ್ದಲಕ್ಕೆ ಅದು ತಕ್ಕುದಲ್ಲ.

ಕಾಲ ಗೊತ್ತುಮಾಡುವುದೇ ಕಷ್ಟವಾಯಿತು. ಅಲಾಸ್ಕಾದ ಹಡಗುಗಳು ಓಡುವುದು ಮೇ ತಿಂಗಳಿನಿಂದ ಸೆಪ್ಟೆಂಬರದವರೆಗೆ. ಮುಂಬಯಿಯ ಮಕ್ಕಳಿಗೆ ರಜೆ ಮೇ ತಿಂಗಳಲ್ಲಿ. ಸಿಯಾಟಲಿನ ಮಕ್ಕಳಿಗೆ ಶಾಲೆ ಬಿಡುವುದು ಜೂನ್ ನಡುವಿನ ಮೇಲೆ. ಆಷಾಢ ಏಕಾದಶಿಯಿಂದ ಮಾತೃಶ್ರೀಯವರಿಗೆ ಚಾತುರ್ಮಾಸ್ಯದ ವ್ರತ. ಮೊದಲ ತಿಂಗಳು ತರಕಾರಿಯನ್ನೂ ಮುಟ್ಟರು, ಹಡಗಿನ ಅಡಿಗೆಯವನು ಏನು ಮಾಡಿಯಾನು? ಹೀಗೆ ಎಲ್ಲವನ್ನೂ ಕಳೆದು ನೋಡಿದಾಗ ಜೂನ್ ಕೊನೆಯ ವಾರವೊಂದೇ ಉಳಿಯಿತು. ಆಗ ಜೂನೋದಲ್ಲಿ ಹದಿನೆಂಟು ಗಂಟೆ ಹಗಲು. ಇಲ್ಲಿಯ ಮಕ್ಕಳು ಶಾಲೆಗೆ ರಜೆ ಬರೆದುಕೊಡಬೇಕು.

ಇಷ್ಟಾದರೂ ಮನಸ್ಸು ಒಪ್ಪಿರಲಿಲ್ಲ. ಊರಿನ ಮನೆಯಲ್ಲಿ ಸೇರಿದರೆ ಖರ್ಚು ಹತ್ತರಲ್ಲೊಂದು ಪಾಲು. ದೇವರಿಗೊಂದು ಪೂಜೆ, ಬಾಳೆಲೆಯ ಊಟ. ಹೀಗೆಂದು ನಾವು ವಾದಿಸುತ್ತಿದ್ದಾಗ ಮಾತೃಶ್ರೀಯವರು ಒಂದು ಪ್ರಶ್ನೆ ಕೇಳಿದರು: "ಆ ಹಡಗಿನಲ್ಲಿ ನಾವೆಲ್ಲರೂ ಒಟ್ಟಿಗೆ ಕುಳಿತು ಉಣ್ಣಬಹುದೇ?"

ಹೋಟೆಲು ನಡೆಸಿದ ಮನೆಗಳಲ್ಲಿ ಬೆಳೆದವರಿಗೆ ಆ ಪ್ರಶ್ನೆಯ ಅರ್ಥ ತಿಳಿದೀತು. ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ದಿನವೇ ಇಲ್ಲ. ದೀಪಾವಳಿಯಾಗಲಿ ಚೌತಿಯಾಗಲಿ, ಒಬ್ಬರು ಗಲ್ಲಾದಲ್ಲಿ, ಒಬ್ಬರು ಅಡಿಗೆಯ ಮೇಲ್ವಿಚಾರಣೆಯಲ್ಲಿ. ಊರಿಗೆ ಹೋದರೂ ತಂದೆಯವರು ಒಬ್ಬರನ್ನು ಮುಂಬಯಿಯಲ್ಲಿ ಬಿಟ್ಟೇ ಹೋಗುತ್ತಿದ್ದರು. ಮಾತೃಶ್ರೀಯವರಂತೂ ಬಡಿಸುವವರೇ ಹೊರತು ಕುಳಿತವರಲ್ಲ. ತಂದೆಯವರು ತೀರಿಕೊಂಡ ದಿನ ಸಹ ಸಂಜೆ ಆರು ಗಂಟೆಗೆ ಹೋಟೆಲಿನ ಬಾಗಿಲು ತೆರೆಯಿತು, ತೆರೆದವರು ಅಣ್ಣನವರು. ನಾವು ನಮ್ಮ ಪಾಲನ್ನು ಅವರಿಗೆ ಬಿಟ್ಟು ಪತ್ರಿಕೆಗೆ ಬಂದೆವು. ಅವರು ಮಾತ್ರ ಅಲ್ಲಿಂದ ಎದ್ದಿಲ್ಲ. ಊರಿನಲ್ಲಿ ಸೇರಿದರೆ ಅವರು ಮೂರನೆಯ ದಿನವೇ ಬಸ್ಸು ಹತ್ತುತ್ತಾರೆ. ಹಡಗಿನಿಂದ ಇಳಿದು ಓಡುವಂತಿಲ್ಲ.

ವಿಚಾರಿಸಿದೆವು. ನಿಗದಿಯಾದ ಹೊತ್ತಿಗೆ ನಿಗದಿಯಾದ ಮೇಜುಗಳಲ್ಲಿ ಉಣಬಡಿಸುವ ಕ್ರಮ ಹಲವು ಹಡಗುಗಳಲ್ಲಿದೆ. ಮುಂಚೆ ಕೇಳಿಕೊಂಡರೆ ಒಂದೇ ಕುಟುಂಬಕ್ಕೆ ಅಕ್ಕಪಕ್ಕದ ಎರಡು ಮೇಜು ಕೊಡುತ್ತಾರೆ. ಬಡಿಸುವವರು ಬೇರೆಯವರು. ಪಾತ್ರೆ ತೊಳೆಯುವವರೂ ಬೇರೆಯವರು.

ಅಣ್ಣನವರು ಎಂಟು ದಿನ ಉತ್ತರ ಕೊಡಲಿಲ್ಲ. ಒಂಬತ್ತನೆಯ ದಿನ ನಮ್ಮ ಕಛೇರಿಗೆ ತಾವಾಗಿಯೇ ಬಂದು, ಮೂವತ್ತು ವರ್ಷಗಳಿಂದ ನಮ್ಮಲ್ಲಿರುವ ಮುಖ್ಯ ಭಟ್ಟರಿಗೆ ಹದಿನೈದು ದಿನ ಗಲ್ಲಾದ ಬೀಗದಕೈ ಒಪ್ಪಿಸುವುದಾಗಿಯೂ, ಪಾಸ್‌ಪೋರ್ಟಿಗೆ ಎಂಥ ಫೋಟೋ ಬೇಕೆಂಬುದನ್ನು ಬರೆದುಕೊಡಬೇಕಾಗಿಯೂ ಹೇಳಿದರು. ಮಾತೃಶ್ರೀಯವರ ಸಂದರ್ಶನದ ದಿನಕ್ಕಾಗಿ ಅರ್ಜಿ ಹಾಕಿದ್ದೇವೆ.

ಅವರು ಈಗಾಗಲೇ ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಹಡಗಿಗೆಂದು ಬೇರೆ ಎತ್ತಿಟ್ಟಿದ್ದಾರೆ. ಮನೆಯಲ್ಲಿ ಮಾಡಿದ ತಿಂಡಿ ಪದಾರ್ಥವನ್ನು ಹಡಗಿನೊಳಕ್ಕೆ ಬಿಡುವುದಿಲ್ಲ, ಅಂಗಡಿಯ ಮುದ್ರೆ ಒಡೆಯದ ಪೊಟ್ಟಣಗಳನ್ನಷ್ಟೇ ಬಿಡುತ್ತಾರೆಂದು ನಮಗೆ ತಿಳಿದುಬಂದಿದೆ. ಅದನ್ನು ಅವರಿಗೆ ಹೇಳುವ ಕೆಲಸವನ್ನು ತಮ್ಮನಿಗೆ ವಹಿಸಿದ್ದೇವೆ.