ನಿಮಗಿದು ಗೊತ್ತೆ? ಲಾರಿಯ ಹೊಗೆಕೊಳವೆಯಲ್ಲಿ 800 ಡಿಗ್ರಿ ಕೆಂಡ!

ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿ ಓಡಾಡುವ ಬಿಎಸ್-6 ಡೀಸೆಲ್ ಲಾರಿಗಳ ಹೊಗೆಕೊಳವೆಯಲ್ಲಿ ನೈಟ್ರೋಜನ್ ಆಕ್ಸೈಡ್ ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಅದರ ಪಿಂಗಾಣಿ ತುದಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಮಾತ್ರ ಕೆಲಸ. ಹೊಗೆಯ ಬಿಸಿ ಸಾಲದು. ಅದಕ್ಕೇ ಒಳಗೊಂದು ವಿದ್ಯುತ್ ಹೀಟರ್!

ಆದರೆ ಎಂಜಿನ್ ಚಾಲೂ ಆದ ಕೂಡಲೇ ಹೀಟರ್ ಪೂರ್ತಿ ಉರಿಯುವುದಿಲ್ಲ. ಕೊಳವೆಯಲ್ಲಿ ಒಂದು ನೀರಹನಿ ಉಳಿದಿದ್ದರೂ ಕಾದ ಪಿಂಗಾಣಿ ಬಿರುಕು ಬಿಟ್ಟೀತು. ಕೊಳವೆ ಒಣಗುವವರೆಗೆ ಲಾರಿಯ ಕಂಪ್ಯೂಟರ್ ಹೀಟರನ್ನು ತಡೆದಿಡುತ್ತದೆ. ಮಲೆನಾಡಿನ ಮಳೆಗಾಲದ ಬೆಳಗಿಗೆ ಈ ತಾಳ್ಮೆ ಬೇಕೇ ಬೇಕು.

ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಹೊಗೆಗೆ ಸಿಂಪಡಿಸುವ ದ್ರಾವಣದಲ್ಲಿ ಶೇ 32.5 ಯೂರಿಯಾ ಇರುತ್ತದೆ. (ಗದ್ದೆಯ ಬೇವು ಲೇಪಿತ ಯೂರಿಯಾ ಕರಗಿಸಿ ಸುರಿಯುವ ಸಾಹಸ ಬೇಡ.) ಈ ದ್ರಾವಣ ಸೋರಿದರೆ ಬಿಳಿ ಹರಳಾಗಿ ವೈರಿಂಗ್ ಕನೆಕ್ಟರ್‌ಗೆ ನುಗ್ಗುತ್ತದೆ. ಆಗ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ.

ಸ್ಕ್ಯಾನರ್ ಹಚ್ಚಿದರೆ ಹಲವು ಲಾರಿಗಳಲ್ಲಿ ಕಾಣುವ ಸಂಖ್ಯೆ 3226. ಅಂದರೆ ಕೊಳವೆಯ ಕೊನೆಯ ನೈಟ್ರೋಜನ್ ಆಕ್ಸೈಡ್ ಸೆನ್ಸರ್. ನಿಜವಾದ ಸುಳಿವು ಆ ಸಂಖ್ಯೆಯ ಪಕ್ಕದ ಪುಟ್ಟ ಅಂಕಿಯಲ್ಲಿದೆ. 3 ಎಂದರೆ ವೋಲ್ಟೇಜ್ ಹೆಚ್ಚು, 4 ಎಂದರೆ ಕಡಿಮೆ, 5 ಎಂದರೆ ಕರೆಂಟ್ ಕಡಿಮೆ ಅಥವಾ ಸರ್ಕ್ಯೂಟ್ ತುಂಡು. ಸೆನ್ಸರ್ ಸತ್ತಿದೆ ಎಂದು ಈ ಮೂರರಲ್ಲಿ ಯಾವುದೂ ಖಚಿತವಾಗಿ ಹೇಳುವುದಿಲ್ಲ. ಇಲಿ ಕಡಿದ ವೈರಿಗೂ ಇದೇ ಕೋಡ್ ಬಂದೀತು. ದುಬಾರಿ ಸೆನ್ಸರ್ ಕೊಳ್ಳುವ ಮೊದಲು ಕನೆಕ್ಟರ್ ಬಿಚ್ಚಿ ನೋಡಿ.