ಕಪ್ಪು ಕಲ್ಲಿನ ಕೆಂಪು ಗೆರೆ

ಸಂಡೂರು ದಾಟಿ ದೋಣಿಮಲೈ ಏರು ಹತ್ತುತ್ತಿದ್ದಂತೆ ರಸ್ತೆಬದಿಯ ಎಲೆಗಳ ಮೇಲೆಲ್ಲ ಅದಿರಿನ ಕೆಂಪು ದೂಳು. ಇಲ್ಲಿ ಕಬ್ಬಿಣದ ಅದಿರಿನ ಗಣಿ ಶುರುವಾದದ್ದು 1977ರಲ್ಲಿ. ನಾನು ಹೊರಟದ್ದು ಗಣಿ ನೋಡಲಿಕ್ಕಲ್ಲ, ಗುಡ್ಡದ ಕೆಳಗಿನ ಒಂದು ಪ್ರಾಥಮಿಕ ಶಾಲೆಗೆ. ಎಲ್ಲರಿಗಿಂತ ಬೇಗ ಕಲಿತು ಮುಗಿಸುವ ಮಕ್ಕಳಿಗೆ ಅಲ್ಲಿ ಏನು ಸಿಗುತ್ತದೆ ಎಂಬ ಕುತೂಹಲ.

ಮೊದಲು ಸಿಕ್ಕಿದ್ದು ನಲಿಕಲಿ ಕೋಣೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ ಇದು. ತಲೆಯ ಮೇಲೆ ಕಲಿಕಾ ಚಪ್ಪರ, ಅದರ ದಾರಗಳಿಂದ ಇಳಿಬಿಟ್ಟ ಮಕ್ಕಳ ಚಿತ್ರಗಳು. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೇ ಕುಳಿತಿದ್ದರು. ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ, ತನ್ನ ಕಾರ್ಡು ಎತ್ತಿಕೊಂಡು, ಅದಕ್ಕೆ ತಕ್ಕ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುವುದು ಮಗುವಿನದೇ ಕೆಲಸ. ಚುರುಕಾದ ಮಗು ಯಾರಿಗೂ ಕಾಯಬೇಕಿಲ್ಲ. ಇದು ನನಗೆ ತುಂಬ ಇಷ್ಟವಾಯಿತು. ಆದರೆ ಬೇಗ ಬೇಗ ಕಾರ್ಡು ಮುಗಿಸಿದ ಒಬ್ಬ ಹುಡುಗಿ ಆಮೇಲೆ ಸುಮ್ಮನೆ ಕಾರ್ಡಿನ ಅಂಚು ಕೆರೆಯುತ್ತ ಕೂತಿದ್ದಳು. ಏಣಿ ಹತ್ತುವುದಾಯಿತು, ಮುಂದೇನು?

ಪಕ್ಕದ ಕೋಣೆಯಲ್ಲಿ ಐದನೇ ತರಗತಿ. ಟೀಚರು ಒಂದು ಚೀಲದ ಕಲ್ಲುಗಳನ್ನು ನೆಲಕ್ಕೆ ಸುರಿದು, "ಇವನ್ನ ಎಷ್ಟು ಥರ ಗುಂಪು ಮಾಡ್ಬಹುದು?" ಎಂದು ಕೇಳಿ ಸುಮ್ಮನಾದರು. ಬಣ್ಣ, ಗಾತ್ರ, ತೂಕ ಎಂದು ಮಕ್ಕಳು ಪಟಪಟ ಹೇಳಿದರು. ಆಮೇಲೆ ಮೌನ. ಟೀಚರು ಸುಳಿವು ಕೊಡಲಿಲ್ಲ. ಆ ಹೊತ್ತು ನನಗೇ ಕಸಿವಿಸಿಯಾಯಿತು, ಆದರೆ ಪಾಠ ಇದ್ದದ್ದೇ ಅಲ್ಲಿ ಎಂದು ಈಗ ಅನ್ನಿಸುತ್ತದೆ. ಒಬ್ಬ ಹುಡುಗ ಎದ್ದು ಹೋಗಿ ಮೂಲೆಯಲ್ಲಿದ್ದ ಒಡೆದ ಟೈಲ್ಸ್ ತಂದ. ಅದರ ಹಿಂಬದಿಯ ಒರಟು ಮೈಗೆ ಹೊಳೆಯುವ ಕಪ್ಪು ಕಲ್ಲೊಂದನ್ನು ಉಜ್ಜಿದ. ಬಿದ್ದದ್ದು ಕೆಂಪು ಗೆರೆ. ಹೆಚ್ಚುಕಡಿಮೆ ಅದೇ ಬಣ್ಣದ ಇನ್ನೊಂದು ಕಲ್ಲು ಕಪ್ಪು ಗೆರೆ ಎಳೆಯಿತು. "ಟೀಚರ್, ಮೇಲೆ ಒಂದೇ ಥರ ಐತ್ರಿ, ಗೀರಿದ್ರೆ ಬ್ಯಾರೆ ಐತ್ರಿ!"

ಮೊದಲನೆಯದು ಕಬ್ಬಿಣದ ಅದಿರು, ಎರಡನೆಯದು ಮ್ಯಾಂಗನೀಸ್. ಭೂವಿಜ್ಞಾನಿಗಳು ಖನಿಜವನ್ನು ಗುರುತಿಸಲು ಮಾಡುವ ಪರೀಕ್ಷೆಗಳಲ್ಲಿ ಹೀಗೆ ಗೀರಿ ನೋಡುವುದೂ ಒಂದು. ಹುಡುಗ ಇದನ್ನು ತಾನೇ ಹೊಳೆಸಿಕೊಂಡನೋ, ಗಣಿ ಕೆಲಸದ ಮನೆಯವರಿಂದ ಕೇಳಿದ್ದನೋ, ನಾನು ಹೇಳಲಾರೆ. ಕೇಳಿದ್ದೇ ಆಗಿದ್ದರೂ, ಇಲ್ಲಿ ಅದು ಕೆಲಸಕ್ಕೆ ಬರುತ್ತದೆ ಎಂದು ಹೊಳೆದದ್ದು ಅವನಿಗೇ.

ಮಾತು ಕಡಿಮೆಯ ಒಬ್ಬ ಹುಡುಗಿ ಮಾತ್ರ ಕೆಂಪು ಕಪ್ಪು ಪಟ್ಟೆಗಳ ಕಲ್ಲುಗಳನ್ನಷ್ಟೇ ಆರಿಸಿ ಸಾಲಾಗಿ ಇಟ್ಟಿದ್ದಳು. ಕೇಳಿದರೆ, ಅಜ್ಜಿ ಹಾಕುವ ಹೊಲಿಗೆ ಹೀಗೇ ಇರುತ್ತದೆ ಎಂದಳು. 2010ರಲ್ಲಿ ಭೌಗೋಳಿಕ ಗುರುತು ಪಡೆದ ಸಂಡೂರು ಲಂಬಾಣಿ ಕಸೂತಿಯ ಮನೆ ಅವಳದು. ಮನೆಮಾತು ಲಂಬಾಣಿ, ಶಾಲೆಯ ಮಾತು ಕನ್ನಡ. ಬರೆಯುವ ಪರೀಕ್ಷೆಯೊಂದನ್ನೇ ನೆಚ್ಚಿದರೆ ಇಂಥ ಮಗು ಪ್ರತಿಭಾವಂತರ ಪಟ್ಟಿಗೆ ಬರುವುದು ಕಷ್ಟ.

ಸೃಜನಶೀಲ ಚಿಂತನೆಯನ್ನು ಅಳೆಯುವವರು ಮಗುವಿಗೆ ಎಷ್ಟು ವಿಚಾರ ಹೊಳೆಯಿತು ಎಂಬುದರ ಜೊತೆಗೆ ಅವು ಎಷ್ಟು ಬಗೆಯವು, ಎಷ್ಟು ಹೊಸವು, ಮಗು ಅವನ್ನು ಎಷ್ಟು ಬೆಳೆಸಿತು ಎಂದೂ ನೋಡುತ್ತಾರೆ. ಆ ಕೋಣೆಯಲ್ಲಿ ನಾಲ್ಕೂ ಕಂಡವು. ಖರ್ಚಾದದ್ದು ಒಂದು ಚೀಲ ಕಲ್ಲು.

ಹೊರಡುವಾಗ ಟೈಲ್ಸಿನ ಸುತ್ತ ಮಕ್ಕಳು ಇನ್ನೂ ಮುಕುರಿಕೊಂಡಿದ್ದರು. ಕಪ್ಪು ಕಲ್ಲು ಕೆಂಪು ಗೆರೆ ಎಳೆದದ್ದು ಯಾಕೆ ಎಂಬುದಕ್ಕೆ ಟೀಚರು ಉತ್ತರ ಹೇಳಿರಲಿಲ್ಲ, ನಾಳೆ ಕಲ್ಲು ಪುಡಿ ಮಾಡಿ ನೋಡೋಣ ಎಂದಿದ್ದರು.

ಪ್ರತಿಭಾವಂತ ಮಕ್ಕಳಿಗೆ ಹೆಚ್ಚಿನ ಕಲಿಕಾ ಸಾಮಗ್ರಿ ಕೊಡಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಅದು ಬರುವ ತನಕ ಶಿಕ್ಷಕರಲ್ಲಿ, ತಂದೆತಾಯಿಯರಲ್ಲಿ ನನ್ನ ಕೋರಿಕೆ ಇಷ್ಟೇ: ಲೆಕ್ಕ ಬೇಗ ಮುಗಿಸಿದ ಮಗುವಿಗೆ ಅಂಥದ್ದೇ ಇನ್ನೂ ಹತ್ತು ಲೆಕ್ಕ ಕೊಡಬೇಡಿ, ಹಲವು ಉತ್ತರಗಳಿರುವ ಒಂದು ಪ್ರಶ್ನೆ ಕೊಡಿ.