ಹರಿಯುವ ನೀರಿನ ವಿದ್ಯುತ್ ಸಾಮರ್ಥ್ಯ: ಅರ್ಜಿಗೆ ಮುನ್ನ ತಿಳಿಯಬೇಕಾದ ಮಾಹಿತಿ

ಸಮುದ್ರದ ಉಬ್ಬರವಿಳಿತದ ಪ್ರವಾಹದಲ್ಲಿ ಟರ್ಬೈನ್ ಇರಿಸಿ ವಿದ್ಯುತ್ ಪಡೆಯಬಹುದಾಗಿದೆ. ಅಂತಹ ಯಂತ್ರವನ್ನು ಹೊಲದ ಪಕ್ಕದ ಕಾಲುವೆಯಲ್ಲಿಯೂ ಅಳವಡಿಸಬಹುದೇ ಎಂಬ ಪ್ರಶ್ನೆ ಕಡಲಿನಿಂದ ದೂರವಿರುವ ಯಾಪಲದಿನ್ನಿ, ಮಾನ್ವಿ, ದೇವದುರ್ಗ ಭಾಗದ ರೈತರಿಗೂ ಬರುವುದು ಸಹಜ. ಎರಡೂ ಕಡೆ ಲೆಕ್ಕದ ನಿಯಮ ಒಂದೇ.

ಹರಿವಿನ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಅಂದರೆ ವೇಗವು ಎರಡು ಪಟ್ಟಾದರೆ ಶಕ್ತಿಯು ಎಂಟು ಪಟ್ಟಾಗುತ್ತದೆ; ವೇಗವು ಅರ್ಧಕ್ಕಿಳಿದರೆ ಎಂಟನೆಯ ಒಂದು ಭಾಗ ಮಾತ್ರ ಉಳಿಯುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದ ನೀರಿನಲ್ಲಿ, ಟರ್ಬೈನಿನ ಪ್ರತಿ ಚದರ ಮೀಟರ್ ಮುಖಕ್ಕೆ ಸುಮಾರು 500 ವ್ಯಾಟ್ ಶಕ್ತಿ ಒದಗುತ್ತದೆ. ಅದರಲ್ಲಿ ವಿದ್ಯುತ್ತಾಗಿ ದೊರೆಯುವುದು ಸಾಮಾನ್ಯವಾಗಿ ಸುಮಾರು ಮೂರನೆಯ ಒಂದು ಭಾಗ. ಇದು ಮನೆಯ ಕೆಲವು ದೀಪಗಳಿಗೆ ಸಾಕಾದೀತು, 5 ಅಶ್ವಶಕ್ತಿಯ ಪಂಪ್‌ಸೆಟ್ಟಿಗೆ ಸಾಲದು.

ದೇಶದ ಉಬ್ಬರವಿಳಿತ ವಿದ್ಯುತ್ ಸಾಮರ್ಥ್ಯವನ್ನು 2014ರ ಅಧ್ಯಯನವೊಂದರಲ್ಲಿ ಸುಮಾರು 12,455 ಮೆಗಾವ್ಯಾಟ್ ಎಂದು ಅಂದಾಜಿಸಲಾಗಿದೆ. ಇದರಲ್ಲಿ ಹೆಚ್ಚಿನ ಪಾಲು ಗುಜರಾತಿನ ಖಂಭಾತ್ ಕೊಲ್ಲಿಯದು. ಕರ್ನಾಟಕದ ಕರಾವಳಿಯಲ್ಲಿ ಉಬ್ಬರವಿಳಿತದ ಅಂತರ ಸುಮಾರು 1ರಿಂದ 2 ಮೀಟರ್ ಮಾತ್ರ. ಆದುದರಿಂದ ಪ್ರವಾಹವೂ ಮಂದ. ಕಿರಿದಾದ ಅಳಿವೆಗಳಲ್ಲಿ ವೇಗ ಹೆಚ್ಚಿದ್ದರೂ ಅವು ಮೀನುಗಾರಿಕಾ ದೋಣಿಗಳ ದಾರಿಗಳು. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಪ್ರವಾಹ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ ಆಗುವುದರಿಂದ ಒಂದೆರಡು ದಿನದ ಅಳತೆಯನ್ನು ಆಧಾರವಾಗಿ ಪರಿಗಣಿಸಲು ಬರುವುದಿಲ್ಲ.

ಕಾಲುವೆಯ ವಿಷಯದಲ್ಲಿ ಹರಿವಿಗಿಂತ ನೀರು ಧುಮುಕುವ ಎತ್ತರವೇ ಮುಖ್ಯ. ಸೆಕೆಂಡಿಗೆ 10 ಘನ ಮೀಟರ್ (ಸುಮಾರು 353 ಕ್ಯುಸೆಕ್) ನೀರು 1 ಮೀಟರ್ ವೇಗದಲ್ಲಿ ಸಾಗುವಾಗ ಅದರ ಚಲನೆಯಲ್ಲಿರುವ ಒಟ್ಟು ಶಕ್ತಿ ಕೇವಲ 5 ಕಿಲೋವ್ಯಾಟ್. ಅದೇ ನೀರು 3 ಮೀಟರ್ ಕೆಳಗೆ ಬಿದ್ದರೆ ಸುಮಾರು 294 ಕಿಲೋವ್ಯಾಟ್. ಕರ್ನಾಟಕ ವಿದ್ಯುತ್ ನಿಗಮವು ರಾಯಚೂರು ಜಿಲ್ಲೆಯ ಸಿರವಾರ (1,000 ಕಿಲೋವ್ಯಾಟ್), ಕಲ್ಮಲಾ (400) ಹಾಗೂ ಗಣೇಕಲ್‌ಗಳಲ್ಲಿ (350) ಕಿರು ಜಲವಿದ್ಯುತ್ ಘಟಕಗಳನ್ನು ಸ್ಥಾಪಿಸಿದ್ದು ಕಾಲುವೆ ನೀರನ್ನೇ ನಂಬಿ.

ಸ್ಥಳದ ಪ್ರಾಥಮಿಕ ಅಳತೆಯನ್ನು ಅರ್ಜಿದಾರರೇ ಮಾಡಿಕೊಳ್ಳಬಹುದು. ದಡದ ಮೇಲಿಂದಲೇ ನೇರವಾದ 10 ಮೀಟರ್ ಉದ್ದವನ್ನು ಗುರುತಿಸಿ, ಮರದ ತುಂಡೊಂದನ್ನು ತೇಲಿಬಿಟ್ಟು, ಅದು ದಾಟುವ ಸಮಯವನ್ನು ಹಲವು ಬಾರಿ ನೋಡಬೇಕು. ಮೇಲ್ಮೈ ವೇಗದ ಸುಮಾರು ನೂರಕ್ಕೆ 85ರಷ್ಟನ್ನು ಸರಾಸರಿಯೆಂದು ಹಿಡಿಯುವುದು ರೂಢಿ. ನೀರು ಬಿಡುವ ತಿಂಗಳುಗಳನ್ನೂ ಬರೆದಿಡಬೇಕು. ಕಾಲುವೆ ಬಂದ್ ಆದ ದಿನಗಳಲ್ಲಿ ಉತ್ಪಾದನೆ ಶೂನ್ಯ. ಮಾರಾಟಗಾರರು ತೋರಿಸುವ ಗರಿಷ್ಠ ವೇಗದ ಲೆಕ್ಕವನ್ನು ಇದರೊಡನೆ ಹೋಲಿಸದೆ ಮುಂಗಡ ಹಣ ನೀಡುವುದು ತರವಲ್ಲ.

ಕಾಲುವೆಯಲ್ಲಿ ಇರಿಸಿದ ಯಂತ್ರವು ಹರಿವಿಗೆ ತಡೆಯೂ ಹೌದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ, ರಾಯಚೂರು ತಾಲ್ಲೂಕುಗಳ ರೈತರಿಗೆ ನೀರು ತಲುಪುವುದೇ ಕಷ್ಟವಾಗಿರುವಾಗ ಇದು ಸಣ್ಣ ಮಾತಲ್ಲ. ಆದ ಕಾರಣ ಯಂತ್ರ ಎಷ್ಟೇ ಚಿಕ್ಕದಾಗಿದ್ದರೂ ನೀರಾವರಿ ಅಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಕಾಲುವೆಯಲ್ಲಿ ಅಳವಡಿಸತಕ್ಕದ್ದಲ್ಲ. ಕಿರು ಜಲವಿದ್ಯುತ್ ಯೋಜನೆಗಳ ಅರ್ಜಿಯನ್ನು ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತಕ್ಕೆ ಸಲ್ಲಿಸುವಾಗ ಮೇಲ್ಕಂಡ ಅಳತೆಗಳ ವಿವರ ಕೈಯಲ್ಲಿದ್ದರೆ ಅನುಕೂಲ.